ಅಳುವ ನಾಯಕಿ

ಶ್ರೀಲಕ್ಷ್ಮಿಯ ಅತ್ತೆ ವಾಸಂತಿ ಬಾಯಿಗಿಟ್ಟದ್ದನ್ನು ಉಗಿಯತೊಡಗಿ ಎರಡು ವರ್ಷವಾಗಿತ್ತು. ಮರೆವಿನ ಕಾಯಿಲೆ. ಮೊದಲು ಹೆಸರುಗಳು ಹೋದವು, ಆಮೇಲೆ ಮನುಷ್ಯರು ಹೋದರು, ಕೊನೆಗೆ ಅನ್ನವೆಂದರೇನು ಎನ್ನುವುದೂ ಹೋಯಿತು. ಇಡ್ಲಿಯನ್ನು ಕಿವುಚಿ ಸಾರಿನಲ್ಲಿ ನೆನೆಸಿ ಕೊಟ್ಟರೂ ಅಷ್ಟೇ, ಗಂಜಿ ಕೊಟ್ಟರೂ ಅಷ್ಟೇ. ತುಟಿ ಬಿಗಿಹಿಡಿದು ತಟ್ಟೆಯನ್ನು ತಳ್ಳಿಬಿಡುತ್ತಿದ್ದರು. ನೋಡಿಕೊಳ್ಳಲು ಬಂದ ಹೆಂಗಸರು ಒಬ್ಬರ ಹಿಂದೊಬ್ಬರು ಬಿಟ್ಟು ಹೋದರು. ಕೊನೆಯವಳಂತೂ ಕೆನ್ನೆಯ ಮೇಲಿನ ಉಗುರಿನ ಗೀರು ತೋರಿಸಿ, "ದೀದಿ, ಮುಝ್‌ಸೇ ನಹೀಂ ಹೋಗಾ" ಎನ್ನುತ್ತ, ತನ್ನಿಂದಾಗದೆಂದು ಚಪ್ಪಲಿ ಮೆಟ್ಟಿಕೊಂಡಳು.

ಅವರಿಗೆ ತಿನ್ನಿಸಬಲ್ಲವರು ಆ ಮನೆಯಲ್ಲಿ ಒಬ್ಬರೇ, ಗಂಡ ಇಂದುಶೇಖರ. ಎಂಬತ್ತು ದಾಟಿದ ಮನುಷ್ಯ. ಕೈ ಎಷ್ಟು ನಡುಗುತ್ತಿತ್ತೆಂದರೆ ಅವರು ಕಾಫಿ ಲೋಟ ಎತ್ತಿದಾಗ ಶ್ರೀಲಕ್ಷ್ಮಿ ಬೇರೆ ಕಡೆ ನೋಡುತ್ತಿದ್ದಳು. ಹಾಗಿದ್ದೂ ದಿನಕ್ಕೆ ಮೂರು ಹೊತ್ತು ತಟ್ಟೆ ಹಿಡಿದು ಹೆಂಡತಿಯ ಕೋಣೆಗೆ ಹೋಗುವರು, ಒಳಗಿನಿಂದ ಚಿಲಕ ಹಾಕುವರು, ಬಹಳ ಹೊತ್ತಿನ ಮೇಲೆ ಖಾಲಿ ತಟ್ಟೆ ತಂದು ಸಿಂಕಿನಲ್ಲಿಡುವರು. ಹೇಗೆ ಎಂದು ಕೇಳಿದರೆ, "ತಿಂದಳಲ್ಲ, ಅಷ್ಟು ಸಾಕು" ಎನ್ನುವರು. ಸಾಕಾಗಿತ್ತು ಕೂಡ. ರಾಜಧಾನಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ಒಂಬತ್ತಕ್ಕೆ ಕೇಂದ್ರ ಸಚಿವಾಲಯದ ಕಚೇರಿ ಸೇರಬೇಕಾದ ಶ್ರೀಲಕ್ಷ್ಮಿಗೂ, ಬೆಳಕು ಹರಿಯುವ ಮುಂಚೆ ಮಾನೇಸರ್‌ನ ಫ್ಯಾಕ್ಟರಿಗೆ ಹೊರಡುವ ಅವಳ ಗಂಡ ರಘುನಂದನ್‌ಗೂ ಬಾಗಿಲ ಹಿಂದೆ ಏನು ನಡೆಯುತ್ತದೆಂದು ತಿಳಿಯುವ ಪುರುಸೊತ್ತು ಇರಲಿಲ್ಲ.

ಇಂದುಶೇಖರರನ್ನು ಈಗ ನೋಡಿದವರು ನಂಬಲಿಕ್ಕಿಲ್ಲ. ಒಂದು ಕಾಲದಲ್ಲಿ ಉತ್ತರದ ರೈಲ್ವೆ ಸ್ಟೇಷನ್ನುಗಳ ಪುಸ್ತಕದಂಗಡಿಗಳಲ್ಲೆಲ್ಲ ಅವರು ಬರೆದ ಹುಡುಗಿ ಅಳುತ್ತಿದ್ದಳು. ಅರಸೀಕೆರೆಯಿಂದ ಗುಮಾಸ್ತನಾಗಲು ಬಂದ ಹುಡುಗ, ದರಿಯಾಗಂಜ್‌ನ ಪ್ರಕಾಶಕನೊಬ್ಬನ ಕೈಗೆ ಸಿಕ್ಕಿ ಹಿಂದಿ ಪ್ರೇಮ ಕಾಮಿಕ್ಸ್ ಪುಸ್ತಕಗಳಿಗೆ ಚಿತ್ರ ಬರೆಯುವ ಕಲಾವಿದನಾದ. ಪ್ರತಿ ತಿಂಗಳೂ ಒಂದು ಕಥೆ. ಪ್ರತಿ ಕಥೆಯಲ್ಲೂ ಒಬ್ಬಳು ನಾಯಕಿ, ಅವಳನ್ನು ಬಿಟ್ಟುಹೋಗುವ ಒಬ್ಬ ನಾಯಕ, ನಡುವೆ ಒಂದು ರೈಲು. ಮನೆಮನೆಗೆ ಟೀವಿ ಬಂದಮೇಲೆ ಅದೆಲ್ಲ ನಿಂತಿತು. ಆಮೇಲೆ ಅವರು ಸರ್ಕಾರಿ ಇಲಾಖೆಯೊಂದರಲ್ಲಿ ಗೋಧಿ ತೆನೆ, ಟ್ರಾಕ್ಟರು, ಸುಖೀ ಸಂಸಾರಗಳ ಪೋಸ್ಟರು ಬರೆದು ನಿವೃತ್ತರಾದರು. ಹಳೆಯ ಹಾಳೆಗಳು ಟ್ರಂಕಿನಲ್ಲಿದ್ದವು. ಡಿಸೈನ್ ಓದುತ್ತಿದ್ದ ಮೊಮ್ಮಗಳು ಅನನ್ಯಾ ಅವನ್ನು ತೆಗೆದು ಒಂದೊಂದನ್ನೂ ಸ್ಕ್ಯಾನ್ ಮಾಡಿದ್ದಳು. ಹೌಜ್ ಖಾಸ್‌ನಲ್ಲಿ ಗೆಳೆಯರ ಜೊತೆ ಸೇರಿ ಪ್ರದರ್ಶನ ಇಡುವುದಿತ್ತು. ಮುದುಕರಿಗೆ ಅದರಲ್ಲಿ ಅಂಥ ಉತ್ಸಾಹವೇನೂ ಕಾಣಲಿಲ್ಲ.

ಜ್ವರ ಬಂದು ರಜೆ ಹಾಕಿದ ದಿನ ಶ್ರೀಲಕ್ಷ್ಮಿ ಅದನ್ನು ಕೇಳಿದಳು. ಬಚ್ಚಲಿಗೆ ಹೋಗಿ ಬರುವಾಗ ಅತ್ತೆಯ ಕೋಣೆಯಿಂದ ಮಾವನ ದನಿ ಬರುತ್ತಿತ್ತು, ಯಾವತ್ತಿನ ತಗ್ಗಿದ ದನಿಯಲ್ಲ, ಗಟ್ಟಿ ದನಿ.

"ಅಲ್ಲಾಡಬೇಡ. ಕತ್ತು ಎತ್ತು. ಇನ್ನೂ ಎತ್ತು. ಈಗ ಅಳು."

ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಸ್ವಲ್ಪ ಅಳು."

ಶ್ರೀಲಕ್ಷ್ಮಿ ಗೋಡೆ ಹಿಡಿದು ನಿಂತಳು. ಒಳಗೆ ಚಮಚ ತಟ್ಟೆಗೆ ತಾಗಿದ ಸದ್ದು. ಚಿಲಕ ತೆಗೆದಾಗ ಮಾವ ಅವಳನ್ನು ನೋಡಿ ಗಾಬರಿಯಾದರು. ಅವರ ಹಿಂದೆ ಮಂಚದ ಮೇಲೆ ಕೂತ ವಾಸಂತಿಯ ಕೆನ್ನೆ ಒದ್ದೆಯಾಗಿತ್ತು.

"ಅತ್ತೆ ಯಾಕೆ ಅಳ್ತಿದಾರೆ ಮಾವ?"

"ಊಟ ಆಯ್ತು. ನೀನು ಹೋಗಿ ಮಲಕ್ಕೋ."

ಅವಳು ಮಲಗಲಿಲ್ಲ. ಸಂಜೆ ಅತ್ತೆಯ ಮೈ ಒರೆಸುವಾಗ ಮಣಿಕಟ್ಟಿನ ಮೇಲೆ ನೀಲಿ ಕಲೆ ಕಂಡಿತು. ರಕ್ತ ತೆಳುವಾಗಲು ಕೊಡುವ ಮಾತ್ರೆಯಿಂದಾಗಿ ಮೈ ಮುಟ್ಟಿದರೂ ಕಲೆಯಾಗುತ್ತದೆಂದು ಡಾಕ್ಟರು ಎಂದೋ ಹೇಳಿದ್ದರು. ಅದು ಅವಳಿಗೆ ಆಗ ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳಲು ಮನಸ್ಸಿರಲಿಲ್ಲವೋ. ಗಂಡ ಬೂಟು ಬಿಚ್ಚುವ ಮುಂಚೆಯೇ ಎಲ್ಲ ಹೇಳಿದಳು. ರಘುನಂದನ್ ನಂಬಲಿಲ್ಲ. ಭಾನುವಾರ ತಾನೇ ಬಾಗಿಲ ಹತ್ತಿರ ನಿಂತು ಕೇಳಿದ. ಆಮೇಲೆ ಅವನ ಮುಖ ನೋಡುವಂತಿರಲಿಲ್ಲ.

ಆ ರಾತ್ರಿ ಊಟಕ್ಕೆ ಹುರುಳಿಕಾಯಿ ಪಲ್ಯ, ಸಾರು. ಮುದುಕರು ಎರಡನೆಯ ತುತ್ತು ಎತ್ತುವಾಗ ಮಗ ಶುರು ಮಾಡಿದ.

"ಅಪ್ಪ, ಬಾಗಿಲು ಹಾಕ್ಕೊಂಡು ಅಮ್ಮಂಗೆ ಏನು ಮಾಡ್ತೀರಿ?"

"ಊಟ ಮಾಡಿಸ್ತೀನಿ."

"ಅಳಿಸಿ ಊಟ ಮಾಡಿಸ್ತೀರಾ?"

ಇಂದುಶೇಖರ ಅನ್ನದಲ್ಲಿ ಬೆರಳಾಡಿಸಿದರು.

"ನಾನೇ ನಿಂತು ಕೇಳಿದೀನಿ. ಅಲ್ಲಾಡಬೇಡ ಅಂತೀರಿ, ಅಳು ಅಂತೀರಿ. ಅಮ್ಮನ ಕೈ ನೀಲಿ ಆಗಿದೆ. ಹೊಡೀತೀರಾ?"

"ಪಪ್ಪಾ, ಪ್ಲೀಸ್," ಎಂದಳು ಅನನ್ಯಾ. "ತಾತ ಐಸೇ ನಹೀಂ ಹೈಂ. ಹಾಗೆಲ್ಲ ಮಾಡಲ್ಲ."

"ನೀನು ಸುಮ್ನಿರು. ಅಪ್ಪ, ಹೌದು ಅನ್ನಿ, ಇಲ್ಲ ಅನ್ನಿ. ಇಲ್ಲ ಅಂದ್ರೆ ನಾಳೆಯಿಂದ ಬಾಗಿಲು ತೆಗೆದಿಟ್ಟು ಊಟ ಮಾಡಿಸಿ. ಅಷ್ಟೇ ನಾನು ಕೇಳೋದು."

ಇಂದುಶೇಖರ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬಾಗಿಲು ತೆಗೆಯೋಕಾಗಲ್ಲ," ಎಂದರು.

"ಯಾಕೆ?"

"ಆಗಲ್ಲ ರಘು."

ಮಗ ಎದ್ದು ಕೈ ತೊಳೆದ. ನಲ್ಲಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಕೊಂಡು ನಿಂತಿದ್ದ. ಹೆಂಡತಿಯ ಮೇಲೆ ಕೈ ಮಾಡುವ ಗಂಡಸರನ್ನು ಕಂಡರೆ ಅವನಿಗಾಗದು. ಅಂಥವನೊಬ್ಬ ತನ್ನ ಮನೆಯಲ್ಲೇ ಎದುರು ಕೂತು ಪಲ್ಯ ತಿನ್ನುತ್ತಿದ್ದಾನೆಂದರೆ ಅವನಾದರೂ ಏನು ಮಾಡಬೇಕು.

ಮಾನೇಸರ್ ದಾರಿಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇಂದ್ರವೊಂದಿತ್ತು. ಆ ವಾರವೇ ಹೋಗಿ ಮಾತಾಡಿ ಬಂದ. ಹೊಸಬರು ಹೊಂದಿಕೊಳ್ಳುವ ತನಕ ಮನೆಯವರು ಯಾರೂ ಬರಬಾರದು, ಆದರೆ ದಿನವೂ ಒಂದು ಫೋಟೋ ಕಳಿಸುತ್ತಾರೆ, ಇದು ಅವರ ನಿಯಮ. ಸೀರೆ ಬೇಡ, ನೈಟಿ ಬೇಕು ಎಂದೂ ಹೇಳಿದರು. ವಾಸಂತಿ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು, ಹಾಲಿನವನ ಮುಂದೆ ಕೂಡ ಸೆರಗು ಹೊದ್ದು ಬರುತ್ತಿದ್ದವರು. ಶ್ರೀಲಕ್ಷ್ಮಿ ಮಾರ್ಕೆಟ್ಟಿಗೆ ಹೋಗಿ ಉದ್ದ ತೋಳಿನ ನೈಟಿಗಳನ್ನೇ ಹುಡುಕಿದಳು. "ಅಮ್ಮಾಜಿಗೆ ತಾನೇ, ಇದೇ ತಗೊಳ್ಳಿ" ಎಂದು ಅಂಗಡಿಯ ಭಯ್ಯಾ ಹೂವಿನದನ್ನು ಬಿಡಿಸಿ ತೋರಿಸಿದಾಗ ಅವಳಿಗೆ ಅಳು ಬಂತು. ಅತ್ತಳು, ಆದರೂ ಕೊಂಡಳು.

ಕಾರು ಹೊರಡುವಾಗ ಇಂದುಶೇಖರ ಹತ್ತಿ ತುಂಬಿದ ಹಳೆಯ ಲೋಡೊಂದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮೆಟ್ಟಿಲಿಳಿದು ಬಂದರು. "ಇದನ್ನೂ ಕಳಿಸು."

"ಅಲ್ಲಿ ದಿಂಬು ಕೊಡ್ತಾರೆ," ಎಂದ ರಘುನಂದನ್.

"ಇದಿದ್ರೆ ಅವಳಿಗೆ ಒಳ್ಳೇದು."

"ಬೇಡ ಅಪ್ಪ."

ಹಿಂದಿನ ಸೀಟಿನಲ್ಲಿ ವಾಸಂತಿ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಕೂತಿದ್ದರು. ಕಾರು ತಿರುಗಿ ಮರೆಯಾಗುವ ತನಕ ಮುದುಕರು ಲೋಡು ಹಿಡಿದು ಗೇಟಿನಲ್ಲೇ ನಿಂತಿದ್ದರು.

ಇದನ್ನು ಹೇಳಲೇಬೇಕು: ಶ್ರೀಲಕ್ಷ್ಮಿಗೆ ಹಾಯೆನಿಸಿತು. ಮನೆಯಿಂದ ಮೂತ್ರದ ವಾಸನೆ ಹೋಯಿತು. ರಾತ್ರಿ ಎಚ್ಚರವಾಗಲಿಲ್ಲ. ಕಚೇರಿಯಲ್ಲಿ ಫೈಲು ಓದಿದರೆ ತಲೆಗೆ ಹೋಗುತ್ತಿತ್ತು. ಒಂದು ಸಂಜೆ ಬೋಂಡಾ ಕೂಡ ಮಾಡಿದಳು. ಬಾಣಲೆಯ ಮುಂದೆ ನಿಂತು ತಾನು ಹಾಡು ಗುನುಗುತ್ತಿರುವುದು ತಿಳಿದಾಗ ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡಳು.

ಇಂದುಶೇಖರ ಮಗನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಸಿಡುಕಿಲ್ಲ, ಬರೀ ಮಾತಿಲ್ಲ. ಹೆಂಡತಿಯ ಕೋಣೆಯಲ್ಲಿ ಹಳೆಯ ಡ್ರಾಯಿಂಗ್ ಬೋರ್ಡು ತೊಡೆಯ ಮೇಲಿಟ್ಟುಕೊಂಡು ಖಾಲಿ ಮಂಚದ ಎದುರು ಕೂರುವರು. ಸೊಸೆಯನ್ನು ದಿನವೂ ಒಂದೇ ಪ್ರಶ್ನೆ ಕೇಳುವರು.

"ತಿಂತಿದಾಳಾ?"

"ತಿಂತಿದಾರಂತೆ ಮಾವ."

ಸುಳ್ಳು. ಕೇಂದ್ರದಿಂದ ಮೊದಲ ವಾರವೇ ಫೋನು ಬಂದಿತ್ತು, ಮಾತಾಜಿ ಬಾಯಿ ಬಿಡುವುದಿಲ್ಲ, ಹಾಲು ಕುಡಿಸುವುದೇ ಕಷ್ಟ ಎಂದು. ಆದರೆ ಅಲ್ಲಿನ ಅಟೆಂಡೆಂಟ್ ಸುಮಿತ್ರಾ ಎಂಬ ಹೆಂಗಸು ಕಳಿಸುತ್ತಿದ್ದ ಫೋಟೋಗಳಲ್ಲಿ ಅವರು ಚೆನ್ನಾಗಿಯೇ ಕಾಣುತ್ತಿದ್ದರು. ಒಂದರಲ್ಲಿ ಮಂಚದ ಕಂಬಿ ಹಿಡಿದು ತಿರುಗಿ ನೋಡುತ್ತಿದ್ದರು. ಇನ್ನೊಂದರಲ್ಲಿ ಕೆನ್ನೆಗೆ ಕೈ, ಮತ್ತೊಂದರಲ್ಲಿ ಎತ್ತಿದ ಗಲ್ಲ. ಸುಮಿತ್ರಾ ಧ್ವನಿ ಸಂದೇಶವೊಂದರಲ್ಲಿ ನಗುತ್ತ ಹೇಳಿದ್ದಳು, ದಿನವಿಡೀ ಒದ್ದಾಡುವ ಮಾತಾಜಿ ಫೋನು ಎತ್ತಿ ಹಿಡಿದರೆ ಸಾಕು, ಹೀರೋಯಿನ್ ಹಾಗೆ ಕಲ್ಲಾಗಿಬಿಡುತ್ತಾರೆ ಎಂದು. ಶ್ರೀಲಕ್ಷ್ಮಿಯೂ ನಕ್ಕಿದ್ದಳು.

ಮೂರನೆಯ ವಾರ ನಗುವ ಸ್ಥಿತಿ ಉಳಿಯಲಿಲ್ಲ. ಬಲವಂತವಾಗಿ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಇಳಿದು ಜ್ವರ ಏರಿತು. ಆಸ್ಪತ್ರೆಗೆ ಒಯ್ದು, ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿಸಿ ಕೇಂದ್ರಕ್ಕೆ ವಾಪಸು ತಂದರು. ರಘುನಂದನ್ ಮೂರು ದಿನ ಫ್ಯಾಕ್ಟರಿ ಬಿಟ್ಟು ಓಡಾಡಿದ. ಮನೆಯಲ್ಲಿ ಮುದುಕರಿಗೆ ಯಾರೂ ಹೇಳಲಿಲ್ಲ.

ಆ ಶನಿವಾರ ಅನನ್ಯಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರದರ್ಶನಕ್ಕೆ ಚಿತ್ರ ಆರಿಸುತ್ತಿದ್ದಳು. ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದ ತಾಯಿಯ ಫೋನಿಗೆ ಈ ತನಕ ತೆಗೆದ ವಾಸಂತಿಯ ಫೋಟೋಗಳನ್ನೆಲ್ಲ ಕೇಂದ್ರದವರು ಮತ್ತೆ ಒಟ್ಟಿಗೆ ಕಳಿಸಿದ್ದರು.

"ಅಮ್ಮಾ, ಫೋನ್ ಕೊಡು." ಅನನ್ಯಾಳ ದನಿ ಬೇರೆಯಾಗಿತ್ತು. "ದೇಖೋ. ಅಜ್ಜಿ ಕೈ ನೋಡು. ಈಗ ಇದು ನೋಡು."

ಪರದೆಯ ಮೇಲೆ ಐವತ್ತೈದು ವರ್ಷ ಹಳೆಯ ಹುಡುಗಿಯೊಬ್ಬಳು ಬಾಗಿಲ ಚೌಕಟ್ಟು ಹಿಡಿದು ತಿರುಗಿ ನೋಡುತ್ತಿದ್ದಳು. ಕಿರುಬೆರಳು ಮಾತ್ರ ಚೌಕಟ್ಟಿನಿಂದ ಬಿಡಿಸಿಕೊಂಡಿತ್ತು. ಫೋಟೋದಲ್ಲಿ ಮಂಚದ ಕಂಬಿ ಹಿಡಿದ ಅತ್ತೆಯ ಕಿರುಬೆರಳೂ ಹಾಗೇ ಬಿಡಿಸಿಕೊಂಡಿತ್ತು. ಅನನ್ಯಾ ಇನ್ನೊಂದು ಹಾಳೆ ತೆರೆದಳು, ಇನ್ನೊಂದು ಫೋಟೋ ಹಿಡಿದಳು. ಕೆನ್ನೆಗೆ ಕೈ. ಇನ್ನೊಂದು. ಎತ್ತಿದ ಗಲ್ಲ, ಅರೆತೆರೆದ ತುಟಿ, ತುಂಬಿದ ಕಣ್ಣು.

"ಫೇಸ್ ಅಲಗ್ ಹೈ, ಬೇರೆ. ಬಟ್ ಕತ್ತು, ಕೈ, ಎಲ್ಲಾ ಅಜ್ಜಿದೇ. ಅಮ್ಮಾ, ಅಜ್ಜಿ ಪೋಸ್ ಕೊಡ್ತಿದಾಳೆ."

ಅಲ್ಲಾಡಬೇಡ. ಕತ್ತು ಎತ್ತು. ಈಗ ಅಳು. ಶ್ರೀಲಕ್ಷ್ಮಿ ಎದ್ದು ನಿಂತಳು. ಮಡಿಲಿನ ಬಟಾಣಿ ನೆಲದ ಮೇಲೆಲ್ಲ ಉರುಳಿತು.

ಮಾವ ಖಾಲಿ ಮಂಚದ ಎದುರು ಕೂತಿದ್ದರು. ಅವಳು ಫೋನನ್ನೂ ಲ್ಯಾಪ್‌ಟಾಪನ್ನೂ ಬೋರ್ಡಿನ ಮೇಲಿಟ್ಟಳು. ಅವರು ನೋಡಿದರು. ಹೆಂಡತಿಯ ಮೈಮೇಲೆ ಹೂವಿನ ನೈಟಿ, ಇಳಿದುಹೋದ ಕೆನ್ನೆ.

"ಸೊರಗಿದಾಳೆ," ಎಂದರು.

"ಅತ್ತೇನೇ ಅಲ್ವಾ ಮಾವ, ಈ ಚಿತ್ರದಲ್ಲಿರೋದೆಲ್ಲ?"

ಮುದುಕರು ಫೋನನ್ನು ಮಗುಚಿಟ್ಟರು. ಅವಳು ನೆಲದ ಮೇಲೆ ಕೂತಳು. "ಏಳಲ್ಲ ನಾನು. ನೀವು ಹೇಳೋವರೆಗೂ ಏಳಲ್ಲ."

"ಮಾಡೆಲ್ ಇಟ್ಟುಕೊಳ್ಳೋ ಶಕ್ತಿ ನನಗಿರಲಿಲ್ಲ," ಎಂದರು ಇಂದುಶೇಖರ ಕೊನೆಗೆ. "ಮದುವೆಯಾಗಿ ಬಂದವಳಿಗೆ ಹತ್ತೊಂಬತ್ತು ವರ್ಷ. ಒಂದೇ ಕೋಣೆ, ಆಚೆ ನಮ್ಮಮ್ಮ ಮಡಿಯಲ್ಲಿ ಕೂತಿರೋಳು. ಚಿಲಕ ಹಾಕ್ಕೊಂಡು ಇವಳು ನಿಲ್ಲೋಳು, ನಾನು ಬರೆಯೋನು. ಸೆರಗು ಜಾರಿಸಿ, ಕೂದಲು ಬಿಚ್ಚಿ. ನಾನು ಬರೀಬೇಕಲ್ಲ, ಹೀರೋ ಆಗಿ ನಿಲ್ಲೋರು ಯಾರು? ಆ ಲೋಡನ್ನ ತಬ್ಬಿಕೊಂಡು ನಿಲ್ಲೋಳು."

ಲೋಡು ಮೂಲೆಯಲ್ಲಿ ಗೋಡೆಗೊರಗಿ ನಿಂತಿತ್ತು. ಶ್ರೀಲಕ್ಷ್ಮಿಗೆ ಅದನ್ನು ನೋಡಲಾಗಲಿಲ್ಲ.

"ಶಾಲೇಲಿ ಕೆಲಸ ಸಿಕ್ತು. ಯಾರಾದ್ರೂ ಗುರುತು ಹಿಡಿದ್ರೆ ಗತಿಯೇನು ಅಂತ ಹೆದರಿಕೊಂಡಳು. ಮೂಗು ಬೇರೆ ಬರೀತೀನಿ ಅಂದೆ. ಮುಗಿದ ಮೇಲೆ 'ಆಯ್ತು, ನೋಡು' ಅಂತ ತೋರಿಸಿದ್ರೆ ಮೊದಲು ಕೇಳೋದು, 'ಮೂಗು ಬೇರೆ ಇದೆ ತಾನೇ?' ರಘು ಹುಟ್ಟಿದಾಗ ಮಾತು ತಗೊಂಡಳು, ಮಕ್ಕಳಿಗೆ ಸಾಯೋತನಕ ಹೇಳಬಾರದು ಅಂತ. ಎಲ್ಲಾ ಮರೆತಳು ನೋಡು, ಅಲ್ಲಾಡಬೇಡ ಅಂದ್ರೆ ನಿಲ್ಲೋದು ಮರೀಲಿಲ್ಲ. ಅಳೋ ಪೋಸಲ್ಲಿ ತುಟಿ ಸ್ವಲ್ಪ ತೆರೆದಿರಬೇಕು. ಆಗ ಚಮಚ ಇಡ್ತಿದ್ದೆ. ಮೂಗಿನ ಮಾತು ಮಾತ್ರ ಮೊನ್ನೆ ಮೊನ್ನೆವರೆಗೂ ಕೇಳ್ತಿದ್ದಳು."

"ಅವರು 'ಹೊಡೀತೀರಾ' ಅಂದಾಗ ಇದನ್ನೇ ಹೇಳಬಹುದಿತ್ತಲ್ಲ ಮಾವ."

"ಅವನು ಅಂದದ್ದು ನನ್ನ ಮೇಲೆ ಬಂತು. ಹೇಳಿದ್ದಿದ್ರೆ ಅವಳ ಮೇಲೆ ಬರ್ತಿತ್ತು."

ಎಂಥ ಮೊಂಡುತನ ಎಂದು ಶ್ರೀಲಕ್ಷ್ಮಿಗೆ ಸಿಟ್ಟೇ ಬಂತು. ಒಂದು ಮಾತು ಆಡಿದ್ದರೆ ಆ ನಳಿಗೆ ಇರುತ್ತಿರಲಿಲ್ಲ. ಆದರೆ ಬಾಗಿಲಿಗೆ ಕಿವಿಯಿಟ್ಟವಳು ತಾನು, ಮೊದಲು ಬಾಯಿಬಿಟ್ಟವಳೂ ತಾನು. ನಳಿಗೆಯ ವಿಷಯ ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದಳು. ಮುದುಕರು ಎದ್ದು ಶರ್ಟು ಹುಡುಕತೊಡಗಿದರು; ನಡುಗುವ ಕೈಗೆ ಗುಂಡಿ ಸಿಗಲಿಲ್ಲ. ಅವಳೇ ಹಾಕಿದಳು.

ರಘುನಂದನ್ ಕೇಂದ್ರದ ಗೇಟಿನಲ್ಲಿ ಕಾಯುತ್ತಿದ್ದ. ಹೆಂಡತಿ ಫೋನಿನಲ್ಲೇ ಎಲ್ಲ ಹೇಳಿದ್ದಳು. ಅವನು ಅಪ್ಪನ ಮುಖ ನೋಡದೆ ಕಾರಿನ ಬಾಗಿಲು ತೆಗೆದು, ಇಳಿಯಲು ಕೈ ಕೊಟ್ಟ. ಇಂದುಶೇಖರ ಸೀಟು ಹಿಡಿದುಕೊಂಡು ತಾವೇ ಇಳಿದರು.

ವಾಸಂತಿಯ ಎರಡೂ ಮಣಿಕಟ್ಟನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ನಳಿಗೆ ಎರಡು ಸಲ ಕಿತ್ತುಕೊಂಡಿದ್ದರಂತೆ, ರಕ್ತ ಬಂದಿತ್ತಂತೆ. ಅಲ್ಲಿನ ಡಾಕ್ಟರು ಒರಟರೇನಲ್ಲ, ನಿಧಾನವಾಗಿಯೇ ವಿವರಿಸಿದರು. ನುಂಗುವುದೇ ಹೋಗಿದೆ, ಇನ್ನು ಬಾಯಿಂದ ಒಂದು ಹನಿಯೂ ಕೊಡುವಂತಿಲ್ಲ. ಮತ್ತೆ ಕಿತ್ತುಕೊಂಡರೆ ಒಳಗೆ ಗಾಯವಾಗುತ್ತದೆ, ಹೊಟ್ಟೆಗೆ ತೂತು ಮಾಡಿ ನಳಿಗೆ ಹಾಕಲು ಈ ದೇಹದಲ್ಲಿ ತ್ರಾಣವಿಲ್ಲ. ಕಟ್ಟದೆ ಉಪಾಯವಿಲ್ಲ.

"ಮೊದಲೇ ಗೊತ್ತಾಗಿದ್ರೆ ಬಾಯಿಂದ ತಿಂತಿದ್ರಾ?" ಎಂದು ಶ್ರೀಲಕ್ಷ್ಮಿ ಕೇಳಿದಳು.

"ಅದನ್ನು ಈಗ ಹೇಳಲು ಬರುವುದಿಲ್ಲ," ಎಂದರು ಡಾಕ್ಟರು. ಅಂದರೆ ಹೌದು ಎಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಇಂದುಶೇಖರ ಮಂಚದ ಪಕ್ಕ ಕೂತು ಪಟ್ಟಿ ಬಿಚ್ಚತೊಡಗಿದರು. ಸುಮಿತ್ರಾ ತಡೆಯಲು ಬಂದಳು. ಬಿಚ್ಚಿದ ಕೈ ನೇರ ಮೂಗಿನ ಕಡೆ ಹೋಯಿತು.

"ವಾಸಂತೀ, ಅಲ್ಲಾಡಬೇಡ."

ಕೈ ಗಾಳಿಯಲ್ಲಿ ನಿಂತಿತು, ಆಮೇಲೆ ಇಳಿದು ಕೆನ್ನೆಗೆ ಬಂತು. ಶ್ರೀಲಕ್ಷ್ಮಿ ಬ್ಯಾಗಿನಿಂದ ಸಿಕ್ಕಿದ ಕಾಗದ, ಪೆನ್ನು ತೆಗೆದು ಮಾವನಿಗೆ ಕೊಟ್ಟಳು. ಅವರು ಬರೆಯುತ್ತಿರುವಷ್ಟು ಹೊತ್ತೂ ಆ ಕೈ ಕೆನ್ನೆಯ ಮೇಲೇ ಇತ್ತು. "ಆಯ್ತು, ನೋಡು" ಎಂದು ತೋರಿಸಿದ ಕಾಗದದಲ್ಲಿ ಬರೀ ನಡುಗಿದ ಗೆರೆಗಳಿದ್ದವು. ವಾಸಂತಿ ನೋಡಿದರು, ಏನೂ ಕೇಳಲಿಲ್ಲ. ರಘುನಂದನ್ ಹೊರಗೆ ಹೋಗಿ ಗೋಡೆಗೆ ತಿರುಗಿ ನಿಂತ.

ಮಾರನೆಯ ದಿನ ಮನೆಗೆ ಕರೆತಂದರು. ಕರೆತರುವುದು ಸುಲಭವಾಗಿತ್ತು, ಇಟ್ಟುಕೊಳ್ಳುವುದಾಗಿರಲಿಲ್ಲ. ಕಟ್ಟಬಾರದೆಂದರೆ ಯಾರಾದರೂ ಸದಾ ಎದುರು ಕೂತು ಬರೆಯುತ್ತಿರಬೇಕು. ಪೆನ್ಸಿಲು ನಿಂತರೆ ಕೈ ಏಳುತ್ತದೆ. ಬೆಳಗ್ಗೆ ಮಾವ, ಮಧ್ಯಾಹ್ನ ರಜೆ ಹಾಕಿದ ಶ್ರೀಲಕ್ಷ್ಮಿ, ಸಂಜೆ ಅನನ್ಯಾ. "ಅಜ್ಜಿ, ಬಾಗಿಲು" ಎಂದು ಅನನ್ಯಾ ತನ್ನ ಮುರುಕು ಕನ್ನಡದಲ್ಲಿ ಹೇಳಿದರೂ ಅವರು ಕಾಣದ ಬಾಗಿಲು ಹಿಡಿಯುತ್ತಿದ್ದರು. ಚಿತ್ರ ಬರೆಯಲು ಬಾರದ ಶ್ರೀಲಕ್ಷ್ಮಿ ರಂಗೋಲಿಯ ಚುಕ್ಕಿ ಇಟ್ಟು ಎಳೆ ಎಳೆಯುತ್ತಿದ್ದಳು. ರಾತ್ರಿ ಮಾತ್ರ ಮೆತ್ತನೆಯ ಬಟ್ಟೆಯಿಂದ ಕಟ್ಟುತ್ತಿದ್ದರು, ಕಟ್ಟುವವಳೂ ಅವಳೇ. ಅಡುಗೆ ಎಂದರೆ ಖಿಚಡಿ. ಒಗೆಯದ ಬಟ್ಟೆಯ ರಾಶಿ ಬಾಲ್ಕನಿಯಲ್ಲಿ. ರಜೆ ಮುಗಿಯುತ್ತ ಬಂದಿತ್ತು. ಮುಂದೇನು ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದರೆ ಯಾರಾದರೂ ಉತ್ತರ ಹೇಳಬೇಕಾಗುತ್ತಿತ್ತು.

ರಘುನಂದನ್ ಆಸ್ಪತ್ರೆಯ ಕೆಲಸ, ಔಷಧಿ, ಹಾಸಿಗೆಯ ಬಟ್ಟೆ ಎಲ್ಲ ನೋಡಿಕೊಳ್ಳುತ್ತಿದ್ದ. ಬೋರ್ಡು ಮಾತ್ರ ಮುಟ್ಟುತ್ತಿರಲಿಲ್ಲ.

"ನೀವೂ ಒಂದು ಗಂಟೆ ಕೂತ್ಕೋಬಾರದಾ?" ಎಂದು ಶ್ರೀಲಕ್ಷ್ಮಿ ಕೇಳಿದ್ದಳು.

"ನಂಗೆ ಬರೆಯೋಕೆ ಬರಲ್ಲ."

"ನಂಗೆ ಬರುತ್ತಾ?"

ಅವನು ಬಕೆಟ್ಟು ಎತ್ತಿಕೊಂಡು ಹೋಗಿದ್ದ.

ಭಾನುವಾರ ಮಧ್ಯಾಹ್ನ ಬೇರೆ ಯಾರೂ ಇರಲಿಲ್ಲ. ಅನನ್ಯಾ ಹೌಜ್ ಖಾಸ್‌ಗೆ ಹೋಗಿದ್ದಳು, ಹಾಳೆಗಳನ್ನೆಲ್ಲ ವಾಪಸು ತಂದುಬಿಡಲು. ಪ್ರದರ್ಶನ ಬೇಡ ಎಂದು ತಾತನೂ ಮೊಮ್ಮಗಳೂ ಮಾತಾಡಿಕೊಂಡಿದ್ದರು. ಇಂದುಶೇಖರರಿಗೆ ಎರಡು ದಿನದಿಂದ ಜ್ವರ, ಎದುರಿನ ಮಂಚದ ಮೇಲೆ ಲೋಡಿಗೆ ಒರಗಿ ಮಲಗಿದ್ದರು. ಶ್ರೀಲಕ್ಷ್ಮಿ ಸೋಸಿದ ಬೇಳೆಕಟ್ಟನ್ನು ನಳಿಗೆಗೆ ಬಿಡುತ್ತಿದ್ದಳು. ಒಂದು ಕೈಯಲ್ಲಿ ಸಿರಿಂಜು ಎತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ನಳಿಗೆ. ನಡುವೆ ಬಿಡುವಂತಿಲ್ಲ.

"ರೀ, ಬನ್ನಿ. ನನ್ನ ಎರಡು ಕೈಯೂ ಇದರಲ್ಲಿದೆ."

ರಘುನಂದನ್ ಬಾಗಿಲಲ್ಲಿ ನಿಂತ. ಒಳಗೆ ಬಂದು ಬೋರ್ಡು ತೆಗೆದುಕೊಂಡ.

"ಬಾಗಿಲು ಹಾಕು," ಎಂದರು ಇಂದುಶೇಖರ ಮಲಗಿದಲ್ಲಿಂದಲೇ. ಅಷ್ಟು ವಾರಗಳ ಮೇಲೆ ಮಗನಿಗೆ ಅವರು ಆಡಿದ ಮೊದಲ ಮಾತು ಅದು. "ಅವಳಿಗೆ ಬಾಗಿಲು ಹಾಕಿರಬೇಕು."

ಅವನು ಚಿಲಕ ಹಾಕಿ ಬಂದು ಸ್ಟೂಲಿನ ಮೇಲೆ ಕೂತ. ಫ್ಯಾಕ್ಟರಿಯಲ್ಲಿ ಇನ್ನೂರು ಜನರ ಕೈಯಲ್ಲಿ ಕೆಲಸ ಮಾಡಿಸುವವನಿಗೆ ಪೆನ್ಸಿಲು ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ.

"ಅಮ್ಮ, ಅಲ್ಲಾಡಬೇಡ."

ವಾಸಂತಿ ನಿಶ್ಚಲವಾದರು. ಮುಂದಿನ ಮಾತಿಗಾಗಿ ಮಗನ ಮುಖವನ್ನೇ ನೋಡಿದರು.

"ನಗು, ಅಮ್ಮ."

ವಾಸಂತಿ ಕಾದರು. ಕಣ್ಣು ಅವನ ಮುಖದಿಂದ ಬೋರ್ಡಿಗೆ, ಬೋರ್ಡಿನಿಂದ ಗೋಡೆಗೆ ಹೋಯಿತು. ಪಾಠಕ್ಕಿಲ್ಲದ ಪ್ರಶ್ನೆ ಕೇಳಿದಾಗ ಮಕ್ಕಳು ಮಾಡುವ ಹಾಗೆ ತುಟಿ ಸ್ವಲ್ಪ ಅಲುಗಿತು. ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮಡಿಲಲ್ಲಿ ಹುಡುಕಾಡಿತು, ಆಮೇಲೆ ಮೇಲೇಳತೊಡಗಿತು.

"ನಗು ಅಮ್ಮ. ಒಂದು ಸಲ."

"ಅದು ಅವಳಿಗೆ ಗೊತ್ತಿಲ್ಲ ರಘು," ಎಂದರು ಇಂದುಶೇಖರ. "ನಾನು ಯಾವತ್ತೂ ನಗು ಅಂತ ಕೇಳಲೇ ಇಲ್ಲ. ಅಳೋಳೇ ಮಾರಾಟ ಆಗ್ತಿದ್ದಳು. ಹದಿಮೂರು ವರ್ಷ ಬರೀ ಅಳು ಅಂದೆ."

ಬೆರಳು ಮೂಗಿಗೆ ನಳಿಗೆ ಅಂಟಿಸಿದ ಪಟ್ಟಿಯ ಅಂಚಿಗೆ ಬಂದಿತ್ತು. ಸಿರಿಂಜಿನಲ್ಲಿ ಇನ್ನೂ ಅರ್ಧ ಬೇಳೆಕಟ್ಟು.

"ಅಳು ಅನ್ನು," ಎಂದರು ಇಂದುಶೇಖರ.

"ನನ್ನ ಕೈಲಿ ಆಗಲ್ಲ ಅಪ್ಪ."

"ಅವಳ ಕೈ ನೋಡು."

"ರೀ," ಎಂದಳು ಶ್ರೀಲಕ್ಷ್ಮಿ.

"ಅಳು, ಅಮ್ಮ," ಎಂದ ರಘುನಂದನ್.

ಬೆರಳು ನಿಂತಿತು. ಕೈ ಇಳಿದು ಕೆನ್ನೆಯ ಮೇಲೆ ತನ್ನ ಜಾಗಕ್ಕೆ ಬಂತು. ಗಲ್ಲ ಮೇಲೆದ್ದಿತು, ತುಟಿ ಅರ್ಧ ತೆರೆಯಿತು, ಕಣ್ಣು ತುಂಬಿಕೊಂಡಿತು. ರಘುನಂದನ್ ತಲೆ ತಗ್ಗಿಸಿ ಕಾಗದದ ಮೇಲೆ ಗೆರೆ ಎಳೆಯತೊಡಗಿದ. ನಳಿಗೆಯಲ್ಲಿ ಬೇಳೆಕಟ್ಟು ನಿಧಾನವಾಗಿ ಇಳಿಯುತ್ತಿತ್ತು. ಶ್ರೀಲಕ್ಷ್ಮಿ ಸಿರಿಂಜಿನ ಕಡೆಯೇ ನೋಡುತ್ತ, ಇನ್ನು ಕಾಲು ಭಾಗ ಉಳಿದಿದೆ ಎಂದಳು.

"ಇನ್ನೂ ಸ್ವಲ್ಪ ಅಳು, ಅಮ್ಮ," ಎಂದ ರಘುನಂದನ್.